ಕಾದಂಬರಿಯಿಂದ ಕ್ಯಾಂಪಸ್ ರಂಗಕ್ಕೆ: ಹುಡುಗನೊಬ್ಬ ದೊಡ್ಡವನಾಗುವ ಕಥೆಯನ್ನು ನಾಟಕ ಮಾಡುವ ಸಮಗ್ರ ಮಾರ್ಗದರ್ಶಿ

ಒಬ್ಬ ಹುಡುಗನೋ ಹುಡುಗಿಯೋ ಬೆಳೆದು ದೊಡ್ಡವರಾಗುವ ಕಾದಂಬರಿ ಅಂದರೆ ಯೂನಿವರ್ಸಿಟಿ ನಾಟಕ ತಂಡಗಳಿಗೆ ಯಾವಾಗಲೂ ಪ್ರೀತಿ. ಆಡುವವರ ವಯಸ್ಸೂ ಅದೇ ತಾನೇ. ಬಾಲ್ಯ ಕೈಗೆ ಎಟುಕುವಷ್ಟು ಹತ್ತಿರದಲ್ಲೇ ಇದೆ, ಮುಂದೆ ಏನು ಅಂತ ಗೊತ್ತಿಲ್ಲ. ಪುಸ್ತಕ ಸಿಲಬಸ್‌ನಲ್ಲಿ ಇದ್ದರಂತೂ ಅರ್ಧ ಕೆಲಸ ಆಗಿಯೇ ಹೋಯಿತು ಅನ್ನಿಸುತ್ತದೆ.

ಆದರೆ ಇಂಥ ನಾಟಕಗಳು ಸೋಲುವುದು ಹೆಚ್ಚಾಗಿ ಒಂದೇ ಕಡೆ. ಘಟನೆಗಳೆಲ್ಲ ಸಾಲಾಗಿ ಬಂದು ಹೋಗುತ್ತವೆ, ಹುಡುಗ ಮಾತ್ರ ಬೆಳೆಯುವುದಿಲ್ಲ. ಎರಡನೇ ಅಂಕದ ಹೊತ್ತಿಗೆ ಅವನ ಕೋಟು ಬದಲಾಗಿರುತ್ತದೆ, ಅಷ್ಟೇ.

ಈ ಬಗೆಯ ಕಾದಂಬರಿಯಲ್ಲಿ ಇಬ್ಬರು ಇರುತ್ತಾರೆ. ಅಂದು ತಪ್ಪು ಮಾಡಿದ ಚಿಕ್ಕವನು ಒಬ್ಬ. ವರ್ಷಗಳ ಮೇಲೆ ಕೂತು ಅದನ್ನು ನೆನೆಯುತ್ತಿರುವ ದೊಡ್ಡವನು ಇನ್ನೊಬ್ಬ. ಇಬ್ಬರೂ ಒಬ್ಬನೇ. ಓದುವಾಗ ನಮಗೆ ಸಿಗುವ ಸುಖ, ಸಂಕಟ ಎರಡೂ ಇವರಿಬ್ಬರ ನಡುವಿನ ಅಂತರದಿಂದ ಹುಟ್ಟಿದ್ದು. ರಂಗಕ್ಕೆ ತರುವಾಗ ಸಂಭಾಷಣೆಗಳನ್ನು ಇಟ್ಟುಕೊಂಡು ಉಳಿದದ್ದನ್ನು ಕತ್ತರಿಸುತ್ತೇವೆ. ಆಗ ಮೊದಲು ಕಸದ ಬುಟ್ಟಿಗೆ ಹೋಗುವವನು ಆ ದೊಡ್ಡವನೇ. ಅವನನ್ನು ಉಳಿಸಿಕೊಳ್ಳುವುದೇ ರಂಗರೂಪದ ಮುಖ್ಯ ಕೆಲಸ ಅಂತ ನನ್ನ ಲೆಕ್ಕ. ಕೆಳಗಿನ ಹೆಜ್ಜೆಗಳೆಲ್ಲ ಅದಕ್ಕಾಗಿಯೇ.

ಬರೀ ತತ್ವ ಹೇಳಿದರೆ ಪ್ರಯೋಜನ ಇಲ್ಲ. ಅದಕ್ಕೆ ಒಂದೇ ಕಾದಂಬರಿಯನ್ನು ಉದಾಹರಣೆಗೆ ಇಟ್ಟುಕೊಳ್ಳುತ್ತೇನೆ: ಚಾರ್ಲ್ಸ್ ಡಿಕನ್ಸ್ ಬರೆದ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’. 1860ರ ಡಿಸೆಂಬರ್‌ನಿಂದ 1861ರ ಆಗಸ್ಟ್‌ವರೆಗೆ ಅವನದೇ ಪತ್ರಿಕೆಯಲ್ಲಿ ವಾರ ವಾರ ಬಂದ ಕಥೆ ಇದು. ಒಟ್ಟು 59 ಅಧ್ಯಾಯ. ಅನಾಥ ಹುಡುಗ ಪಿಪ್, ಅವನನ್ನು ಸಾಕಿದ ಕಮ್ಮಾರ ಭಾವ ಜೋ, ಸ್ಮಶಾನದಲ್ಲಿ ಸಿಕ್ಕ ಕೈದಿ ಮ್ಯಾಗ್ವಿಚ್, ಮದುವೆ ಮುರಿದುಬಿದ್ದ ದಿನಕ್ಕೇ ನಿಂತುಹೋದ ಮಿಸ್ ಹ್ಯಾವಿಶಮ್, ಅವಳು ಸಾಕಿದ ಎಸ್ಟೆಲ್ಲಾ. ಯಾರೋ ಹೆಸರು ಹೇಳದೆ ಕೊಟ್ಟ ಹಣದಿಂದ ಪಿಪ್ ಲಂಡನ್ನಿಗೆ ಹೋಗಿ ಜಂಟಲ್‌ಮನ್ ಆಗುತ್ತಾನೆ, ಜೋನ ಬಗ್ಗೆ ನಾಚಿಕೆಪಡುತ್ತಾನೆ. ಹಣ ಕೊಟ್ಟವನು ಆ ಕೈದಿ ಅಂತ ಗೊತ್ತಾಗುತ್ತದೆ. ನಿಮ್ಮ ಕೈಯಲ್ಲಿ ಬೇರೆ ಕಾದಂಬರಿ ಇದ್ದರೂ ಹೆಜ್ಜೆಗಳು ಇವೇ.

ಹೆಜ್ಜೆ 1: ಹಕ್ಕು ಯಾರದ್ದು?

ತಾಲೀಮು ಶುರುವಾದ ಮೇಲೆ ಈ ಪ್ರಶ್ನೆ ಕೇಳಿದರೆ ತಡವಾಯಿತು ಅಂತಲೇ ಅರ್ಥ. ಡಿಕನ್ಸ್ ತೀರಿಕೊಂಡಿದ್ದು 1870ರಲ್ಲಿ, ಅವನ ಮೂಲ ಪಠ್ಯ ಎಲ್ಲರಿಗೂ ಮುಕ್ತ. ಬೇರೆ ಲೇಖಕರಾದರೆ ಲೆಕ್ಕ ನೋಡಬೇಕು. ಭಾರತದಲ್ಲಿ ಲೇಖಕ ತೀರಿಕೊಂಡ ಮೇಲೆ 60 ವರ್ಷ, ಬ್ರಿಟನ್ ಮತ್ತು ಯುರೋಪ್ ಒಕ್ಕೂಟದಲ್ಲಿ 70 ವರ್ಷ ಹಕ್ಕು ಇರುತ್ತದೆ. ಅಮೆರಿಕದಲ್ಲಿ ಹಳೆಯ ಪುಸ್ತಕಗಳಿಗೆ ಪ್ರಕಟವಾದ ವರ್ಷದಿಂದ 95 ವರ್ಷದ ಲೆಕ್ಕ. ನಾಟಕ ಎಲ್ಲಿ ಆಡುತ್ತೀರೋ ಅಲ್ಲಿನ ಕಾನೂನು ನಿಮಗೆ ಅನ್ವಯ.

ಕೆಲವು ಬಾಗಿಲು ತಟ್ಟಿದರೂ ತೆರೆಯುವುದಿಲ್ಲ. 1951ರ ‘ದಿ ಕ್ಯಾಚರ್ ಇನ್ ದಿ ರೈ’ಯನ್ನು ನಾಟಕ, ಸಿನಿಮಾ ಮಾಡಲು ಅದರ ಲೇಖಕ ಸ್ಯಾಲಿಂಜರ್ ಕೊನೆವರೆಗೂ ಒಪ್ಪಲಿಲ್ಲ. ಇನ್ನು ಕೆಲವು ಕಡೆ ಅನುಮತಿ ಸಿಕ್ಕಿದ ಮೇಲೂ ತಲೆನೋವು. ‘ಟು ಕಿಲ್ ಎ ಮಾಕಿಂಗ್‌ಬರ್ಡ್’ನ ಹಳೆಯ ರಂಗರೂಪ ಆಡಲು ಹಣ ಕಟ್ಟಿ ಅನುಮತಿ ಪಡೆದಿದ್ದ ಹಲವು ಸಣ್ಣ ತಂಡಗಳು 2019ರಲ್ಲಿ ಪ್ರದರ್ಶನ ಕೈಬಿಡಬೇಕಾಯಿತು. ಬ್ರಾಡ್‌ವೇಯಲ್ಲಿ ನಡೆಯುತ್ತಿದ್ದ ಹೊಸ ರಂಗರೂಪದವರ ಕಡೆಯ ಲಾಯರ್ ಪತ್ರಗಳೇ ಅದಕ್ಕೆ ಕಾರಣ.

ಮೂಲ ಮುಕ್ತವಾಗಿದ್ದರೂ ಅನುವಾದ ಮುಕ್ತ ಅಲ್ಲ. ಅನುವಾದಕರಿಗೆ ತಮ್ಮದೇ ಹಕ್ಕು ಇರುತ್ತದೆ. ಬೇರೆಯವರ ರಂಗರೂಪಕ್ಕೂ ಅದೇ ಮಾತು. ಸಿನಿಮಾದಲ್ಲಿ ನೋಡಿದ್ದನ್ನು ಕಾದಂಬರಿಯಲ್ಲಿ ಓದಿದ್ದು ಅಂದುಕೊಳ್ಳುವ ಅಪಾಯವೂ ಇದೆ. ಕೊನೆಯಲ್ಲಿ ಪಿಪ್ ಹಳೆ ಮನೆಯ ಪರದೆ ಕಿತ್ತೆಸೆದು ಬೆಳಕು ಬಿಡುವುದು ಡೇವಿಡ್ ಲೀನ್‌ನ 1946ರ ಸಿನಿಮಾದ ಕಲ್ಪನೆ. ಡಿಕನ್ಸ್ ಅದನ್ನು ಬರೆದೇ ಇಲ್ಲ.

ಹೆಜ್ಜೆ 2: ಮೂರು ಸಲ ಓದಿ, ಎರಡು ಬಣ್ಣದಲ್ಲಿ

ಮೊದಲ ಓದು ಸುಮ್ನೆ ಓದು. ಪೆನ್ಸಿಲ್ ಕೂಡ ಬೇಡ. ಎಲ್ಲಿ ನಗು ಬಂತು, ಎಲ್ಲಿ ಬೇಜಾರಾಯಿತು, ಎಲ್ಲಿ ಪುಟ ಹಾರಿಸಿದಿರಿ ಅಂತ ನೆನಪಿಟ್ಟುಕೊಳ್ಳಿ. ಪ್ರೇಕ್ಷಕರಿಗೂ ಅಲ್ಲೇ ಬೇಜಾರಾಗುವ ಸಾಧ್ಯತೆ ಜಾಸ್ತಿ.

ಎರಡನೇ ಓದಿನಲ್ಲಿ ಒಂದನ್ನೇ ಹುಡುಕಿ: ಹೇಳುತ್ತಿರುವ ದೊಡ್ಡವನು ಎಲ್ಲೆಲ್ಲಿ ಚಿಕ್ಕವನ ಮೇಲೆ ತೀರ್ಪು ಕೊಡುತ್ತಾನೆ, ಎಲ್ಲಿ ಅವನನ್ನು ನೋಡಿ ನಗುತ್ತಾನೆ, ಎಲ್ಲಿ ಮುಖ ತಿರುಗಿಸುತ್ತಾನೆ. ಅವಕ್ಕೆಲ್ಲ ಕೆಂಪು ಗೆರೆ.

ಮೂರನೇ ಓದಿನಲ್ಲಿ ಕಣ್ಣಿಗೆ ಕಾಣುವ, ಕೈಯಲ್ಲಿ ಹಿಡಿಯುವ ವಸ್ತುಗಳಿಗೆ ನೀಲಿ ಗೆರೆ. ಪಿಪ್‌ನ ಕಥೆಯಲ್ಲಿ ಇವು ಎಷ್ಟೊಂದು ಇವೆ ನೋಡಿ. ಕೈದಿಗೆ ಕದ್ದು ಕೊಟ್ಟ ಅರ, ಹಂದಿಮಾಂಸದ ಕಡುಬು, ಎಸ್ಟೆಲ್ಲಾ ಆಡಿಕೊಂಡ ದಪ್ಪ ಬೂಟು, ಹ್ಯಾವಿಶಮ್ ಮನೆಯಲ್ಲಿ ಒಂಬತ್ತಕ್ಕೆ ಇಪ್ಪತ್ತು ನಿಮಿಷ ಇರುವಾಗ ನಿಂತ ಗಡಿಯಾರಗಳು, ಅವಳು ಹಾಕಿಕೊಳ್ಳದ ಒಂದು ಶೂ, ವಕೀಲ ಜ್ಯಾಗರ್ಸ್ ಕೈತೊಳೆಯುವ ವಾಸನೆ ಸೋಪು. ಮನಸ್ಸಿನೊಳಗೆ ನಡೆಯುವುದನ್ನು ರಂಗದ ಮೇಲೆ ಹೇಳಲು ಪುಟಗಟ್ಟಲೆ ಮಾತು ಬೇಕಾಗುತ್ತದೆ, ಒಂದು ವಸ್ತು ಅದನ್ನು ಕ್ಷಣದಲ್ಲಿ ಹೇಳಿಬಿಡುತ್ತದೆ. ಕೆಂಪು ಗೆರೆಯೂ ನೀಲಿ ಗೆರೆಯೂ ಒಂದೇ ಪುಟದಲ್ಲಿ ಸೇರಿದ್ದರೆ, ನಾಟಕದ ದೃಶ್ಯ ಅಲ್ಲಿದೆ.

ಹೆಜ್ಜೆ 3: ಬೆನ್ನೆಲುಬು ಒಂದೇ ವಾಕ್ಯದಲ್ಲಿ

‘ಇದು ಪಿಪ್ ಎಂಬ ಹುಡುಗನ ಜೀವನದ ಕಥೆ’ ಅನ್ನುವುದು ಬೆನ್ನೆಲುಬು ಅಲ್ಲ. ಏನು ಬದಲಾಗುತ್ತದೆ, ಯಾರ ಎದುರು ಬದಲಾಗುತ್ತದೆ ಅನ್ನುವುದು ವಾಕ್ಯದಲ್ಲಿ ಇರಬೇಕು. ಈ ಕಾದಂಬರಿಯಿಂದ ಕನಿಷ್ಠ ಮೂರು ನಾಟಕ ಮಾಡಬಹುದು. ಎಸ್ಟೆಲ್ಲಾಳ ಮೇಲಿನ ಪ್ರೀತಿ ಒಂದು, ಯಾರದೋ ಹಣದಲ್ಲಿ ಬದುಕುವುದರ ಕಥೆ ಇನ್ನೊಂದು, ಜೋನ ಕಥೆ ಮೂರನೆಯದು. ಮೂರನ್ನೂ ಸಮವಾಗಿ ಇಟ್ಟುಕೊಂಡರೆ ಎರಡು ಗಂಟೆಯಲ್ಲಿ ಯಾವುದೂ ದಡ ಸೇರುವುದಿಲ್ಲ.

ನಾನು ಮೂರನೆಯದನ್ನು ಆರಿಸಿಕೊಳ್ಳುತ್ತೇನೆ: ‘ತನ್ನನ್ನು ಸಾಕಿದವನ ಬಗ್ಗೆ ನಾಚಿಕೆಪಟ್ಟ ಹುಡುಗ, ಆ ನಾಚಿಕೆಗೇ ನಾಚುವಷ್ಟು ದೊಡ್ಡವನಾಗುತ್ತಾನೆ.’ ಮನೆಯಿಂದ ದೂರ ಬಂದು ಓದುತ್ತಿರುವವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಅಪ್ಪ ಅಮ್ಮ ಹಾಸ್ಟೆಲ್ ಬಾಗಿಲಿಗೆ ಬಂದು ನಿಂತಾಗ ಗೆಳೆಯರ ಮುಂದೆ ಒಂದು ಕ್ಷಣ ಏನನ್ನಿಸಿತ್ತು ಅಂತ ತಂಡದಲ್ಲಿ ಎಲ್ಲರಿಗೂ ಗೊತ್ತಿರುತ್ತದೆ, ಅಲ್ವಾ?

ವಾಕ್ಯ ಸಿಕ್ಕಿದ ಮೇಲೆ ಕತ್ತರಿ ತಾನಾಗಿಯೇ ಓಡುತ್ತದೆ. ಜ್ಯಾಗರ್ಸ್‌ನ ಗುಮಾಸ್ತ ವೆಮಿಕ್‌ನ ಪುಟ್ಟ ಕೋಟೆ ಮನೆ ಮತ್ತು ಅವನ ಮುದಿ ಅಪ್ಪ ಎಷ್ಟು ಮುದ್ದಾಗಿದ್ದರೂ ಹೋಗಬೇಕು. ನಟನಾಗಲು ಲಂಡನ್ನಿಗೆ ಬಂದ ಊರಿನವ ವಾಪ್ಸಲ್‌ನ ಹ್ಯಾಮ್ಲೆಟ್ ಪ್ರಹಸನ ಬಿಡಲು ನಾಟಕದವರಿಗೆ ಇನ್ನೂ ಕಷ್ಟ, ಅದೂ ಹೋಗಬೇಕು. ಬೀದಿಯಲ್ಲಿ ಪಿಪ್‌ನ ಹೊಸ ಠೀವಿಯನ್ನು ಅಣಕಿಸುವ ದರ್ಜಿ ಅಂಗಡಿಯ ಹುಡುಗನಿಗೆ ಕಾದಂಬರಿಯಲ್ಲಿ ಇರುವುದು ಒಂದೆರಡು ಪುಟ. ಅವನು ಇರಲೇಬೇಕು, ಏಕೆಂದರೆ ಅವನು ಬೆನ್ನೆಲುಬಿನ ಮೇಲೇ ಕುಣಿಯುತ್ತಾನೆ.

ಒಂದು ಪಾತ್ರ ತೆಗೆದಾಗ ಅದು ಹೊತ್ತಿದ್ದ ಕೆಲಸ ಯಾರ ತಲೆಗೆ ಬೀಳುತ್ತದೆ ಅಂತಲೂ ನೋಡಿ. ಜೋನ ಕುಲುಮೆಯ ಕೆಲಸಗಾರ ಆರ್ಲಿಕ್‌ನನ್ನು ತೆಗೆದರೆ ಪಿಪ್‌ನ ಅಕ್ಕನ ಮೇಲೆ ಹಲ್ಲೆ ಮಾಡಿದವರು ಯಾರು ಅನ್ನುವ ಪ್ರಶ್ನೆ ನೇತಾಡುತ್ತಾ ಉಳಿಯುತ್ತದೆ. ಹಲ್ಲೆಯ ಬದಲು ಕಾಯಿಲೆ ಅಂತ ಮಾಡಿ ಮುಗಿಸಿ. ಅವನು ಪಿಪ್‌ನನ್ನು ಕೊಲ್ಲಲು ನೋಡುವ ಸುಣ್ಣದ ಗೂಡಿನ ದೃಶ್ಯವೂ ಅದರ ಜೊತೆ ಹೋಗುತ್ತದೆ, ಪರವಾಗಿಲ್ಲ.

ಹೆಜ್ಜೆ 4: ಕಾರ್ಡುಗಳು ಮತ್ತು ವಿರಾಮ

ಇಡೀ ಕಾದಂಬರಿಯನ್ನು ಗಟ್ಟಿಯಾಗಿ ಓದಿದರೆ ಹೆಚ್ಚುಕಡಿಮೆ 18 ಗಂಟೆ ಹಿಡಿಯುತ್ತದೆ. ನಿಮ್ಮ ಕೈಯಲ್ಲಿ ಇರುವುದು ಎರಡು ಗಂಟೆ. ಅಂದರೆ ಒಂಬತ್ತರಲ್ಲಿ ಒಂದು ಪಾಲು. ರಾಯಲ್ ಶೇಕ್ಸ್‌ಪಿಯರ್ ಕಂಪನಿ 1980ರಲ್ಲಿ ಡಿಕನ್ಸ್‌ನ ಇನ್ನೊಂದು ಕಾದಂಬರಿ ‘ನಿಕೊಲಾಸ್ ನಿಕಲ್ಬಿ’ಯನ್ನು ಎರಡು ಭಾಗ ಮಾಡಿ ಎಂಟೂವರೆ ಗಂಟೆ ಆಡಿತ್ತು. ಅವರಿಗೆ ಪೂರ್ಣಾವಧಿ ನಟರಿದ್ದರು, ನಿಮ್ಮವರಿಗೆ ಮರುದಿನ ಬೆಳಿಗ್ಗೆ ಕ್ಲಾಸಿದೆ.

ದೃಶ್ಯಕ್ಕೊಂದು ಕಾರ್ಡು ಮಾಡಿ. ಅದರಲ್ಲಿ ಮೂರೇ ವಿಷಯ: ಯಾರಿಗೆ ಏನು ಬೇಕು, ಏನು ಬದಲಾಯಿತು, ಯಾವ ವಸ್ತು. ಎರಡನೇ ಸಾಲು ಖಾಲಿ ಇದ್ದರೆ ಆ ಕಾರ್ಡು ಹರಿದು ಹಾಕಿ. ಎರಡು ಗಂಟೆಗೆ 25 ಕಾರ್ಡು ಸಾಕು, 30 ದಾಟಿದರೆ ಎಲ್ಲವೂ ಓಡಿಸಿದ ಹಾಗೆ ಆಗುತ್ತದೆ.

ಡಿಕನ್ಸ್ ತನ್ನ ಕಥೆಯನ್ನು ತಾನೇ ಮೂರು ಹಂತವಾಗಿ ಮುರಿದಿದ್ದಾನೆ. 19ನೇ ಅಧ್ಯಾಯಕ್ಕೆ ಪಿಪ್ ಊರು ಬಿಡುತ್ತಾನೆ. 39ನೇ ಅಧ್ಯಾಯಕ್ಕೆ ಕೈದಿ ಮರಳಿ ಬರುತ್ತಾನೆ. ವಿರಾಮ ಎಲ್ಲಿ ಕೊಡಬೇಕು? ಬಹಳ ಜನ ಪಿಪ್ ಲಂಡನ್ನಿಗೆ ಹೊರಡುವಲ್ಲಿ ಕೊಡುತ್ತಾರೆ. ನನಗೆ 39 ಇಷ್ಟ. ಬಿರುಗಾಳಿ, ಮಳೆ. 23 ವರ್ಷದ ಪಿಪ್ ಮೇಲಿನ ಮಹಡಿಯಲ್ಲಿ ಒಬ್ಬನೇ ಇದ್ದಾನೆ. ಮೆಟ್ಟಿಲ ಮೇಲೆ ಹೆಜ್ಜೆ ಸದ್ದು. ದೀಪ ಹಿಡಿದು ಬಾಗಿ ನೋಡುತ್ತಾನೆ. ಕೆಳಗಿನಿಂದ ಒಬ್ಬ ಮುದುಕ ಎರಡೂ ಕೈ ಚಾಚಿಕೊಂಡು ಹತ್ತಿ ಬರುತ್ತಾನೆ. ಪ್ರೇಕ್ಷಕರು ಗುರುತು ಹಿಡಿಯುತ್ತಾರೆ, ಪಿಪ್ ಇನ್ನೂ ಹಿಡಿದಿಲ್ಲ. ಅಲ್ಲಿ ಕತ್ತಲು. ಮೊದಲರ್ಧ ಉದ್ದವಾಗುತ್ತದೆ ನಿಜ, ಎರಡನೆಯದು ಬಿಗಿಯಾಗುತ್ತದೆ.

ಹೆಜ್ಜೆ 5: ಹೇಳುವವನನ್ನು ಎಲ್ಲಿ ನಿಲ್ಲಿಸುತ್ತೀರಿ?

ಇದಕ್ಕೆ ಎಷ್ಟು ಹೊತ್ತು ಕೊಟ್ಟರೂ ಕಡಿಮೆಯೇ. ದಾರಿಗಳು ಹಲವು.

ಒಂದು, ದೊಡ್ಡ ಪಿಪ್‌ಗೆ ಬೇರೆ ನಟ. ಅವನು ಯಕ್ಷಗಾನದ ಭಾಗವತನ ಹಾಗೆ ಇಡೀ ಆಟದುದ್ದಕ್ಕೂ ರಂಗದ ಮೇಲೇ ಇರುತ್ತಾನೆ. ಎರಡು, ನಿರೂಪಣೆಯನ್ನು ಇಡೀ ಮೇಳಕ್ಕೆ ಹಂಚುವುದು, ಸಾಲಿಗೊಬ್ಬರು. ಮೂರು, ಪಾತ್ರವೇ ತನ್ನ ಬಗ್ಗೆ ನಿರೂಪಣೆಯ ವಾಕ್ಯ ಹೇಳಿಕೊಂಡು, ಅದೇ ಉಸಿರಿನಲ್ಲಿ ಸಂಭಾಷಣೆಗೆ ಇಳಿಯುವುದು. ಈ ಮೂರನೆಯದರ ಬೇರು ಒಂದು ಯೂನಿವರ್ಸಿಟಿಯಲ್ಲೇ ಇದೆ. ಅಮೆರಿಕದ ನಾರ್ತ್‌ವೆಸ್ಟರ್ನ್ ಯೂನಿವರ್ಸಿಟಿಯಲ್ಲಿ ಪಾಠ ಮಾಡುತ್ತಿದ್ದ ರಾಬರ್ಟ್ ಬ್ರೀನ್ ಇದನ್ನು ವರ್ಷಗಟ್ಟಲೆ ವಿದ್ಯಾರ್ಥಿಗಳ ಜೊತೆ ತಿದ್ದಿ ತೀಡಿದರು. ಅದಕ್ಕೆ ‘ಚೇಂಬರ್ ಥಿಯೇಟರ್’ ಅಂತ ಹೆಸರಿಟ್ಟು 1978ರಲ್ಲಿ ಪುಸ್ತಕವನ್ನೂ ತಂದರು. ಕಥೆಯ ನಿರೂಪಕನನ್ನು ತೆಗೆಯದೆ, ಅವನನ್ನೇ ಒಂದು ಪಾತ್ರವಾಗಿ ನಿಲ್ಲಿಸುವುದು ಅದರ ತಿರುಳು.

ಮನಸ್ಸಿನ ಒಳಗನ್ನು ಇನ್ನೊಂದು ದೇಹಕ್ಕೆ ಕೊಡುವ ದಾರಿಯೂ ಇದೆ. 1997ರಲ್ಲಿ ಬ್ರಿಟನ್ನಿನ ನಿರ್ದೇಶಕಿ ಪಾಲಿ ಟೀಲ್ ‘ಜೇನ್ ಐರ್’ ಕಾದಂಬರಿಯನ್ನು ನಾಟಕ ಮಾಡಿದಾಗ, ಮೇಲಿನ ಕೋಣೆಯಲ್ಲಿ ಕೂಡಿಹಾಕಿದ, ನಾಯಕನ ಹೆಂಡತಿ ಬರ್ತಾಳನ್ನು ಜೇನ್‌ಳದೇ ಅದುಮಿಟ್ಟ ಭಾಗವಾಗಿ ತೋರಿಸಿದಳು. ಕೆಳಗೆ ಜೇನ್ ಸುಮ್ಮನೆ ಕೂತಿದ್ದರೆ ಮೇಲೆ ಇನ್ನೊಬ್ಬಳು ಒದ್ದಾಡುತ್ತಾಳೆ.

ಪಿಪ್‌ಗೆ ನಾನು ಮೊದಲ ದಾರಿ ಹಿಡಿಯುತ್ತೇನೆ, ಒಂದು ಷರತ್ತಿನ ಮೇಲೆ. ದೊಡ್ಡ ಪಿಪ್‌ಗೂ ಏನಾದರೂ ಬೇಕಾಗಿರಬೇಕು. ಬರೀ ಮಾಹಿತಿ ಕೊಡುವ ನಿರೂಪಕ ಹತ್ತು ನಿಮಿಷದಲ್ಲಿ ಅನೌನ್ಸರ್ ಆಗಿಬಿಡುತ್ತಾನೆ. ಚಿಕ್ಕವನನ್ನು ತಡೆಯಬೇಕು ಅಂತ ಅವನಿಗೆ ಆಸೆ ಇರಲಿ. ತಡೆಯಲು ಆಗುವುದಿಲ್ಲ, ಎಲ್ಲ ಆಗಿಹೋಗಿದೆ. ಅವನ ಸಂಕಟ ಅದು, ನಾಟಕಕ್ಕೆ ಬೇಕಾದ್ದೂ ಅದೇ.

ನಿರೂಪಣೆ ಬರೆಯುವಾಗ ಒಂದು ನಿಯಮ ಇಟ್ಟುಕೊಳ್ಳಿ. ಕಣ್ಣಿಗೆ ಕಾಣುತ್ತಿರುವುದನ್ನು ಹೇಳಬೇಡಿ, ಅದಕ್ಕೆ ಅಡ್ಡ ಬರುವುದನ್ನು ಹೇಳಿ. ಹ್ಯಾವಿಶಮ್ ಮನೆಯಿಂದ ಮೊದಲ ಸಲ ವಾಪಸ್ ಬಂದ ಪಿಪ್ ಮನೆಯವರಿಗೆ ಭಾರಿ ಸುಳ್ಳು ಹೇಳುತ್ತಾನೆ. ಅವಳು ಕಪ್ಪು ಮಖಮಲ್ಲಿನ ಸಾರೋಟಿನಲ್ಲಿ ಕೂತಿದ್ದಳಂತೆ, ನಾಲ್ಕು ದೊಡ್ಡ ನಾಯಿಗಳು ಬೆಳ್ಳಿ ಬುಟ್ಟಿಯಿಂದ ಮಾಂಸ ತಿನ್ನಲು ಕಚ್ಚಾಡಿದವಂತೆ. ಮೇಳದವರು ಆ ಸುಳ್ಳನ್ನು ಅದ್ಧೂರಿಯಾಗಿ ಆಡಿ ತೋರಿಸಲಿ: ನಾಯಿ, ಸಾರೋಟು, ಬಾವುಟ ಎಲ್ಲ. ದೊಡ್ಡ ಪಿಪ್ ಆಗ ನಗದೆ ಚಿಕ್ಕವನ ಬೂಟನ್ನೇ ನೋಡುತ್ತಾ ಕೂತಿರಲಿ. ಒಂದು ಮಾತೂ ಬೇಡ.

ಹೆಜ್ಜೆ 6: ಒಂದು ದೃಶ್ಯ ಬರೆದು ನೋಡಿ

ಇಡೀ ಸ್ಕ್ರಿಪ್ಟ್‌ಗೆ ಕೈ ಹಾಕುವ ಮೊದಲು ಒಂದೇ ದೃಶ್ಯವನ್ನು ಪೂರ್ತಿ ಬರೆದು, ಆಡಿ, ಮತ್ತೆ ಬರೆಯಿರಿ. ನಿಮ್ಮ ಶೈಲಿ ಅಲ್ಲೇ ಗೊತ್ತಾಗುತ್ತದೆ. 27ನೇ ಅಧ್ಯಾಯ ತೆಗೆದುಕೊಳ್ಳೋಣ. ಜೋ ಲಂಡನ್ನಿಗೆ ಬಂದು ಪಿಪ್‌ನ ಹೊಸ ಮನೆಯಲ್ಲಿ ನಿಂತಿದ್ದಾನೆ. ಪಿಪ್ ಜೊತೆ ಇರುವ ಗೆಳೆಯ ಹರ್ಬರ್ಟ್ ಕೂಡ ಅಲ್ಲಿದ್ದಾನೆ. ಕೈಯಲ್ಲಿ ಟೋಪಿ. ಅದನ್ನು ಎಲ್ಲಿ ಇಡಬೇಕು ಅಂತ ಗೊತ್ತಿಲ್ಲ. ಕೊನೆಗೆ ಬೆಂಕಿಗೂಡಿನ ಮೇಲಿನ ಅಂಚಿನಲ್ಲಿ ಇಡುತ್ತಾನೆ. ಅದು ಬೀಳುತ್ತಲೇ ಇರುತ್ತದೆ. ನನ್ನ ಕರಡು ಹೀಗೆ:

(ಜೋ ಎರಡೂ ಕೈಯಲ್ಲಿ ಟೋಪಿ ಹಿಡಿದಿದ್ದಾನೆ. ಪಿಪ್ ಕೈ ಚಾಚುತ್ತಾನೆ.)
ಪಿಪ್: ಕೊಡು ಜೋ, ಇಡುತ್ತೇನೆ.
ಜೋ: ಇರಲಿ ಇರಲಿ. ನಿನಗ್ಯಾಕೆ... ನಿಮಗ್ಯಾಕೆ ತೊಂದರೆ, ಸಾರ್.
(ಅಂಚಿನ ಮೇಲೆ ಇಡುತ್ತಾನೆ. ಬೀಳುತ್ತದೆ. ಹಾರಿ ಹಿಡಿಯುತ್ತಾನೆ. ಮತ್ತೆ ಅಲ್ಲೇ ಇಡುತ್ತಾನೆ.)
ಹರ್ಬರ್ಟ್: ಪ್ರಯಾಣ ಚೆನ್ನಾಗಿತ್ತಾ?
ಜೋ: ಚೆನ್ನಾಗಿತ್ತು ಸಾರ್. ಗಾಡಿ ಚೆನ್ನಾಗಿತ್ತು, ಕುದುರೆಗಳೂ...
(ಟೋಪಿ ಬೀಳುತ್ತದೆ. ಹಿಡಿಯುತ್ತಾನೆ.)
ದೊಡ್ಡ ಪಿಪ್: ಎದ್ದು ಹೋಗಿ ಆ ಟೋಪಿ ತಗೋ.
(ಪಿಪ್ ಚಮಚ ತಿರುಗಿಸುತ್ತಾ ಕೂತಿದ್ದಾನೆ. ಟೋಪಿ ಬೀಳುತ್ತದೆ. ಈ ಸಲ ಜೋಗೆ ಸಿಗುವುದಿಲ್ಲ. ನೆಲದ ಮೇಲೆ ಉರುಳಿ ಪಿಪ್‌ನ ಕಾಲ ಬಳಿ ನಿಲ್ಲುತ್ತದೆ.)
ದೊಡ್ಡ ಪಿಪ್: ತಗೋಲಿಲ್ಲ.

ಪ್ರೇಕ್ಷಕರು ಮೊದಲ ಎರಡು ಸಲ ನಗುತ್ತಾರೆ, ನಗಲಿ. ಮೂರನೇ ಸಲಕ್ಕೆ ನಗು ಗಂಟಲಲ್ಲಿ ಸಿಕ್ಕಿಕೊಳ್ಳಬೇಕು. ಜೋ ಏಕವಚನದಿಂದ ಬಹುವಚನಕ್ಕೆ ಜಾರುವುದನ್ನು ನಟ ಒತ್ತಿ ಹೇಳಬಾರದು, ನಾಲಿಗೆ ತಾನಾಗಿ ತಿದ್ದಿಕೊಂಡ ಹಾಗೆ ಇರಬೇಕು. ಈ ‘ಸಾರ್’ ಇನ್ನೊಮ್ಮೆ ಬರುತ್ತದೆ. 57ನೇ ಅಧ್ಯಾಯದಲ್ಲಿ ಸಾಲಗಾರನಾಗಿ ಕಾಯಿಲೆ ಬಿದ್ದ ಪಿಪ್‌ನ ಶುಶ್ರೂಷೆಗೆ ಜೋ ಬರುತ್ತಾನೆ. ಪಿಪ್ ಮಂಚ ಹಿಡಿದಿದ್ದಾಗ ಹಳೆಯ ಸಲಿಗೆ. ಅವನು ಎದ್ದು ಓಡಾಡುವಷ್ಟು ಗಟ್ಟಿಯಾಗುತ್ತಿದ್ದಂತೆ ಜೋನ ಬಾಯಲ್ಲಿ ಮತ್ತೆ ‘ಸಾರ್’. ಈ ಎರಡು ದೃಶ್ಯಗಳ ನಡುವೆ ನಾಟಕದ ಹಗ್ಗ ಕಟ್ಟಿದ್ದೀರಿ ಅಂತ ತಿಳಿಯಿರಿ.

ಟೋಪಿ ಬೇಕಾದಾಗಲೆಲ್ಲ ಬೀಳಬೇಕು, ಅದೃಷ್ಟದ ಮೇಲೆ ಬಿಡಬಾರದು. ಅಂಚಿನ ಹಲಗೆ ಅಗಲ ಕಡಿಮೆ ಇರಲಿ, ಮುಂದಕ್ಕೆ ಸ್ವಲ್ಪ ಇಳಿಜಾರಿರಲಿ. ಟೋಪಿಯ ಒಂದು ಮಗ್ಗುಲಿಗೆ ಸಣ್ಣ ಭಾರ ಹೊಲಿಯಿರಿ. ಮೊದಲ ದಿನದಿಂದಲೇ ಆ ಟೋಪಿಯಲ್ಲೇ ತಾಲೀಮು ನಡೆಯಲಿ.

ಹೆಜ್ಜೆ 7: ಮುಕ್ತಾಯ ಮೊದಲೇ ತೀರ್ಮಾನಿಸಿ

ಡಿಕನ್ಸ್ ಎರಡು ಮುಕ್ತಾಯ ಬರೆದಿದ್ದಾನೆ. ಮೊದಲನೆಯದರಲ್ಲಿ ಪಿಪ್‌ಗೆ ಲಂಡನ್ ಬೀದಿಯಲ್ಲಿ ಎಸ್ಟೆಲ್ಲಾ ಆಕಸ್ಮಿಕವಾಗಿ ಸಿಗುತ್ತಾಳೆ. ಅವಳಿಗೆ ಮತ್ತೊಂದು ಮದುವೆಯಾಗಿದೆ, ನಾಲ್ಕು ಮಾತಾಡಿ ಇಬ್ಬರೂ ಅಗಲುತ್ತಾರೆ. ಗೆಳೆಯ ಬುಲ್ವರ್ ಲಿಟನ್ ಬೇಡ ಅಂದಿದ್ದಕ್ಕೆ ಅದನ್ನು ಬದಲಾಯಿಸಿ, ಪಾಳುಬಿದ್ದ ಮನೆಯ ಅಂಗಳದಲ್ಲಿ ಇಬ್ಬರೂ ಕೈ ಹಿಡಿದು ಹೊರಡುವ ಹಾಗೆ ಬರೆದ. ಹಳೆಯದು ಹೊರಗೆ ಗೊತ್ತಾಗಿದ್ದು ಅವನು ತೀರಿಕೊಂಡ ಮೇಲೆ, ಜಾನ್ ಫಾರ್ಸ್ಟರ್ ಬರೆದ ಜೀವನಚರಿತ್ರೆಯಿಂದ.

ಯಾವುದು ಸರಿ ಅಂತ ತಂಡದಲ್ಲಿ ಒಂದು ಸಂಜೆ ಜಗಳ ಆಡಿ, ಒಳ್ಳೆಯದೇ. ಆಮೇಲೆ ನಿಮ್ಮ ಬೆನ್ನೆಲುಬಿನ ವಾಕ್ಯ ನೋಡಿ. ಅದು ಜೋನ ಕಥೆಯಾಗಿದ್ದರೆ ಎರಡೂ ಮುಕ್ತಾಯ ನಿಮಗೆ ಪೂರ್ತಿ ಒಗ್ಗುವುದಿಲ್ಲ. ಕೊನೆಯ ಅಧ್ಯಾಯದ ಶುರುವಿನಲ್ಲೇ ಇನ್ನೊಂದು ದೃಶ್ಯ ಕಾದು ಕೂತಿದೆ. ಹನ್ನೊಂದು ವರ್ಷದ ಮೇಲೆ ಪಿಪ್ ಜೋನ ಅಡುಗೆಮನೆಗೆ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ. ಬೆಂಕಿಯ ಪಕ್ಕ, ತಾನು ಕೂರುತ್ತಿದ್ದ ಅದೇ ಪುಟ್ಟ ಮಣೆಯ ಮೇಲೆ ಒಂದು ಮಗು. ಅದು ಜೋನ ಮಗು, ಅದರ ಹೆಸರೂ ಪಿಪ್. ಚಿಕ್ಕ ಪಿಪ್‌ನ ನಟನನ್ನೇ ಅಲ್ಲಿ ಕೂರಿಸಿದರೆ ದೊಡ್ಡ ಪಿಪ್ ಮೊದಲ ಸಲ ಅವನನ್ನು ಮುಟ್ಟಬಹುದು. ಅಲ್ಲಿಯವರೆಗೆ ಇಬ್ಬರೂ ಒಮ್ಮೆಯೂ ಮುಟ್ಟದ ಹಾಗೆ ನಿರ್ದೇಶಕರು ನೋಡಿಕೊಳ್ಳಬೇಕು.

ಹೆಜ್ಜೆ 8: ಪಾತ್ರ ಹಂಚಿಕೆ

ಏಳರ ಆಸುಪಾಸಿನ ಪಿಪ್‌ನನ್ನು ಇಪ್ಪತ್ತರ ನಟನೇ ಮಾಡಲಿ. ಕೀಚು ದನಿ, ಕುಣಿದಾಡುವ ನಡಿಗೆ ಬೇಡ. ಮಗು ಎದುರಿನವರನ್ನು ಕತ್ತೆತ್ತಿ ನೋಡುತ್ತದೆ, ಉತ್ತರಕ್ಕೆ ಮೊದಲು ಮುಖ ಓದುತ್ತದೆ, ಕೈ ಎಲ್ಲಿಡಬೇಕು ಅಂತ ಅದಕ್ಕೆ ತಿಳಿಯುವುದಿಲ್ಲ. ಇಷ್ಟು ಸಾಕು. ಎದುರು ನಿಂತವರು ಒಂದು ಮೆಟ್ಟಿಲು ಮೇಲಿದ್ದರೆ ಉಳಿದದ್ದನ್ನು ಪ್ರೇಕ್ಷಕರೇ ತುಂಬಿಕೊಳ್ಳುತ್ತಾರೆ.

ಮಿಸ್ ಹ್ಯಾವಿಶಮ್ ಅಂದ ಕೂಡಲೇ ಬಿಳಿ ವಿಗ್ಗು, ಗೂನು ಬೆನ್ನು, ನಡುಗುವ ಕೈ ಅಂತ ಹೊರಡಬೇಡಿ. ಕಥೆಯ ಕೊನೆಯ ಹಂತಕ್ಕೂ ಅವಳಿಗೆ 56 ಅಂತ ಡಿಕನ್ಸ್ ತನ್ನ ಟಿಪ್ಪಣಿಯಲ್ಲಿ ಬರೆದುಕೊಂಡಿದ್ದ. ಅಂದರೆ ಪಿಪ್ ಮೊದಲು ನೋಡುವಾಗ ಅವಳು ನಲವತ್ತರ ಆಚೀಚೆ. ವಯಸ್ಸಿನಿಂದ ಮುದುಕಿಯಾದವಳಲ್ಲ, ಹಟದಿಂದ ಆದವಳು. ವಿದ್ಯಾರ್ಥಿ ನಟಿಗೆ ಇದು ಎಷ್ಟು ಹಗುರ ಮಾಡಿಕೊಡುತ್ತದೆ ನೋಡಿ.

14ರಿಂದ 16 ಜನರಲ್ಲಿ ಎಲ್ಲ ಪಾತ್ರ ಮುಗಿಯುತ್ತದೆ. ಒಬ್ಬರಿಗೆ ಎರಡು ಪಾತ್ರ ಕೊಡುವಾಗ ಸುಮ್ನೆ ಯಾರು ಖಾಲಿ ಇದ್ದಾರೆ ಅಂತ ನೋಡದೆ, ಜೋಡಿಗೆ ಏನಾದರೂ ಅರ್ಥ ಇದೆಯಾ ನೋಡಿ. ಪಿಪ್‌ನ ಅಕ್ಕ ಮತ್ತು ಹ್ಯಾವಿಶಮ್ ಇಬ್ಬರನ್ನೂ ಒಬ್ಬಳೇ ಮಾಡಿದರೆ ಚೆನ್ನಾಗಿರುತ್ತದೆ, ಇಬ್ಬರೂ ಮಗುವೊಂದನ್ನು ಸಾಕಿ ನೋಯಿಸಿದವರು. ಜೋ ಮತ್ತು ಮ್ಯಾಗ್ವಿಚ್ ಮಾತ್ರ ಬೇರೆ ಬೇರೆ ನಟರೇ ಇರಲಿ. ಇಬ್ಬರು ತಂದೆಯರನ್ನು ಪಿಪ್ ಪಕ್ಕಪಕ್ಕದಲ್ಲಿ ಇಟ್ಟು ತೂಗಬೇಕು.

ಅಂದಹಾಗೆ, ಬ್ರಿಟಿಷ್ ನಟ ಅಲೆಕ್ ಗಿನ್ನಿಸ್ 1939ರಲ್ಲಿ ಈ ಕಾದಂಬರಿಯ ರಂಗರೂಪ ಬರೆದು ಲಂಡನ್ನಿನಲ್ಲಿ ಸಣ್ಣದಾಗಿ ಆಡಿದಾಗ ತನಗೆ ಇಟ್ಟುಕೊಂಡಿದ್ದು ಹರ್ಬರ್ಟ್ ಪಾತ್ರ. ಅದನ್ನು ನೋಡಿದ ಡೇವಿಡ್ ಲೀನ್ ಮುಂದೆ ಸಿನಿಮಾ ಮಾಡಿದಾಗ ಅವನಿಗೆ ಅದೇ ಪಾತ್ರ ಕೊಟ್ಟ. ಸ್ಕ್ರಿಪ್ಟ್ ಬರೆದವರು ನಾಯಕನ ಪಾತ್ರ ತಮಗೇ ಬೇಕು ಅಂತ ಕೂತಾಗ ಹೇಳಲು ಒಳ್ಳೆಯ ಕಥೆ.

ಹೆಜ್ಜೆ 9: ರಂಗಸಜ್ಜಿಕೆ

ಜೌಗು ಬಯಲು, ಕುಲುಮೆ, ಹಾಳು ಬಂಗಲೆ, ಲಂಡನ್ ಕೋಣೆ, ಥೇಮ್ಸ್ ನದಿ. ಇಷ್ಟಕ್ಕೆಲ್ಲ ಬೇರೆ ಬೇರೆ ಸೆಟ್ ಹಾಕಿದರೆ ಅರ್ಧ ನಾಟಕ ಕತ್ತಲಲ್ಲಿ ಕುರ್ಚಿ ಎಳೆಯುವುದರಲ್ಲೇ ಹೋಗುತ್ತದೆ. ಎರಡು ಮಟ್ಟ, ಒಂದು ಮೆಟ್ಟಿಲು, ಒಂದು ಉದ್ದ ಮೇಜು ಸಾಕು. ಅದೇ ಮೇಜು ಅಡುಗೆಮನೆಗೂ ಮದುವೆ ಕೇಕಿಗೂ ದೋಣಿಗೂ ಆಗುತ್ತದೆ. ಕುಲುಮೆಗೆ ಸದ್ದು ಸಾಕು. ದಪ್ಪ ಕಬ್ಬಿಣದ ಪಟ್ಟಿ ತೂಗುಹಾಕಿ ಮೇಳದವರೇ ಹೊಡೆಯಲಿ, ರೆಕಾರ್ಡಿಂಗ್ ಬೇಡ.

ಮೊದಲ ದೃಶ್ಯದಲ್ಲಿ ಕೈದಿ ಪಿಪ್‌ನನ್ನು ತಲೆಕೆಳಗು ಮಾಡುತ್ತಾನೆ, ಚರ್ಚಿನ ಗೋಪುರ ಹುಡುಗನ ಕಾಲ ಕೆಳಗೆ ಬರುತ್ತದೆ. ನಟನನ್ನು ನಿಜವಾಗಿ ತಿರುಗಿಸಲು ಹೋಗಿ ಕತ್ತು ಉಳುಕಿಸಬೇಡಿ. ಪಿಪ್ ಕೈ ಜೋತುಬಿಟ್ಟು ನೆಟ್ಟಗೆ ನಿಂತಿರಲಿ. ಸುತ್ತಲಿನವರು ಹಿಡಿದಿರುವ ಗೋಪುರ, ಸಮಾಧಿಕಲ್ಲಿನ ಹಲಗೆಗಳು ಒಟ್ಟಿಗೆ ತಲೆಕೆಳಗಾಗಲಿ. ಹುಡುಗ ಅಲ್ಲೇ ಇದ್ದಾನೆ, ಲೋಕ ತಿರುಗಿತು.

ಹ್ಯಾವಿಶಮ್ ಬಟ್ಟೆಗೆ ಬೆಂಕಿ ಹತ್ತುವ ದೃಶ್ಯದಲ್ಲಿ ನಿಜವಾದ ಬೆಂಕಿಯ ಮಾತೇ ಬೇಡ, ಮೇಣದಬತ್ತಿಯೂ ಬ್ಯಾಟರಿಯದೇ ಇರಲಿ. ಕಾದಂಬರಿಯಲ್ಲಿ ಪಿಪ್ ಬೆಂಕಿ ನಂದಿಸಲು ಮೇಜಿನ ದೊಡ್ಡ ಬಟ್ಟೆಯನ್ನೇ ಎಳೆಯುತ್ತಾನೆ. ಅದರ ಜೊತೆ ಮದುವೆ ದಿನದಿಂದ ಅಲ್ಲೇ ಕೊಳೆತ ಕೇಕು, ಅದರೊಳಗಿನ ಹುಳಹುಪ್ಪಟೆ ಎಲ್ಲ ನೆಲಕ್ಕೆ. ಅಷ್ಟು ವರ್ಷ ಯಾರೂ ಮುಟ್ಟದ ಮೇಜು ಒಂದೇ ಎಳೆತಕ್ಕೆ ಖಾಲಿ. ಕಿತ್ತಳೆ ಬಣ್ಣದ ಬೆಳಕು ಮತ್ತು ಆ ಎಳೆತ ಇದ್ದರೆ ಬೇರೇನೂ ಬೇಕಿಲ್ಲ. ಪಾತ್ರೆಗಳೆಲ್ಲ ಒಡೆಯದವು ಇರಲಿ, ಆಮೇಲೆ ಬರಿಗಾಲಿನಲ್ಲಿ ಬರುವ ನಟರಿದ್ದಾರೆ.

ಹೆಜ್ಜೆ 10: ಕ್ಯಾಲೆಂಡರ್

ಪರೀಕ್ಷೆಯ ದಿನಾಂಕದಿಂದ ಹಿಂದಕ್ಕೆ ಎಣಿಸಿ. 14 ವಾರ ಸಿಕ್ಕರೆ ಆರಾಮ. ಓದು ಮತ್ತು ಬೆನ್ನೆಲುಬಿಗೆ 2 ವಾರ. ಕಾರ್ಡು ಹಿಡಿದು ಆಡಿ ನೋಡುವುದಕ್ಕೆ 3. ಬರೆಯುವುದಕ್ಕೆ 3. ತಾಲೀಮಿಗೆ 6. ಆಡಿ ನೋಡುವಾಗ ಎಲ್ಲರೂ ಮಾತು ಕೊಡಬಹುದು, ಬರೆಯುವಾಗ ಮಾತ್ರ ಒಬ್ಬರೋ ಇಬ್ಬರೋ ಕೂರಲಿ. ಹತ್ತು ಜನ ಕೂತು ಬರೆದ ಸಂಭಾಷಣೆಯಲ್ಲಿ ಎಲ್ಲ ಪಾತ್ರಗಳೂ ಒಂದೇ ಥರ ಮಾತಾಡುತ್ತವೆ.

ತಾಲೀಮು ಶುರುವಾಗುವ ಮೊದಲು ಕಾದಂಬರಿ ಓದಿರದ ಹತ್ತು ಜನರನ್ನು ಕೂರಿಸಿ ಸ್ಕ್ರಿಪ್ಟ್ ಗಟ್ಟಿಯಾಗಿ ಓದಿಸಿ. ಚೆನ್ನಾಗಿತ್ತಾ ಅಂತ ಕೇಳಬೇಡಿ. ಕಥೆ ಏನು ಅಂತ ಕೇಳಿ. ಅವರ ಬಾಯಿಂದ ಜೋನ ಹೆಸರು ಬರಲಿಲ್ಲ ಅಂದರೆ ಸ್ಕ್ರಿಪ್ಟ್ ಇನ್ನೂ ಆಗಿಲ್ಲ. ಓದಲು 1 ಗಂಟೆ 40 ನಿಮಿಷ ಹಿಡಿದರೆ ರಂಗದ ಮೇಲೆ ಎರಡು ಗಂಟೆ ದಾಟುತ್ತದೆ. ಕತ್ತರಿಸುವಾಗ ನಿರೂಪಣೆಯಲ್ಲಿನ ವಿವರಣೆ ಮೊದಲು ಹೋಗಲಿ. ದೊಡ್ಡ ಪಿಪ್ ತಡೆಯಲು ಹೋಗಿ ಸೋಲುವ ಸಾಲುಗಳನ್ನು ಮುಟ್ಟಬೇಡಿ.

ತಾಲೀಮಿನ ನಾಲ್ಕನೇ ವಾರಕ್ಕೆ ಸ್ಕ್ರಿಪ್ಟ್‌ಗೆ ಬೀಗ. ಆಮೇಲೆ ಪದ ಬದಲಾಯಿಸಬೇಕಾದರೂ ಸ್ಟೇಜ್ ಮ್ಯಾನೇಜರ್ ಪ್ರತಿಯಲ್ಲಿ ಬರೆಸಿಯೇ ಬದಲಾಯಿಸಬೇಕು. ಬೆಳಕು, ಸದ್ದು, ವಸ್ತುಗಳ ಒಳಗೆ ಹೊರಗೆ ಎಲ್ಲ ಆ ಒಂದೇ ಪ್ರತಿಯಲ್ಲಿ. ಟೆಕ್ನಿಕಲ್ ರಿಹರ್ಸಲ್ ದಿನ ಮಾತು ಹಾರಿಸಿ, ಒಂದು ಕ್ಯೂನಿಂದ (ಬೆಳಕು, ಸದ್ದು ಬದಲಾಗುವ ಸೂಚನೆ) ಇನ್ನೊಂದು ಕ್ಯೂಗೆ ಹೋಗಿ. ಆ ದಿನ ನಟರಿಗೆ ಬೇಜಾರು, ಆದರೆ ಅದು ಅವರ ದಿನ ಅಲ್ಲ.

ಹೆಜ್ಜೆ 11: ಪೋಸ್ಟರ್ ಅಚ್ಚಿಗೆ ಹೋಗುವ ಮುಂಚೆ

ರಂಗರೂಪ ಯಾರದ್ದು ಅಂತ ಬರೆಯುವ ಸಾಲಿಗೆ ಒಳ್ಳೊಳ್ಳೆ ಗೆಳೆತನ ಕೆಟ್ಟಿವೆ. ಡಿಕನ್ಸ್ ಹೆಸರು, ಬರೆದವರ ಹೆಸರು, ಆಡಿ ಆಡಿ ದೃಶ್ಯ ಕಟ್ಟಿದ ಮೇಳದ ಹೆಸರು, ಈ ಮೂರೂ ಯಾವ ಕ್ರಮದಲ್ಲಿ ಬರಬೇಕು ಅಂತ ಮೊದಲ ವಾರದಲ್ಲೇ ಕಾಗದದ ಮೇಲೆ ಬರೆದು ಎಲ್ಲರೂ ಸಹಿ ಹಾಕಿ. ಮುಂದೆ ಬೇರೆ ತಂಡದವರು ಸ್ಕ್ರಿಪ್ಟ್ ಕೇಳಿದರೆ ಯಾರು ಒಪ್ಪಿಗೆ ಕೊಡಬೇಕು ಅನ್ನುವುದೂ ಅದರಲ್ಲಿರಲಿ. ಕೊನೆಯ ಪ್ರದರ್ಶನದ ಮರುದಿನ ಸ್ಟೇಜ್ ಮ್ಯಾನೇಜರ್ ಪ್ರತಿಯನ್ನು, ಗೀಚು ತಿದ್ದುಪಡಿ ಸಮೇತ, ಸ್ಕ್ಯಾನ್ ಮಾಡಿ ವಿಭಾಗದ ಲೈಬ್ರರಿಗೆ ಕೊಡಿ. ನೀಟಾಗಿ ಟೈಪ್ ಮಾಡಿದ ಪ್ರತಿಯಲ್ಲಿ ಟೋಪಿ ಯಾವ ಮಾತಿಗೆ ಬೀಳಬೇಕು ಅಂತ ಇರುವುದಿಲ್ಲ.